ತನ್ನ ಹೆಗಲನ್ನು ತಾನೇ ಏರಿದ ಯಂತ್ರ

ಮಂಗಳೂರಿನಲ್ಲಿ ಮಳೆಗಾಲ ಹಿಡಿಯಿತೆಂದರೆ ಕರೆಂಟಿನ ಕಣ್ಣುಮುಚ್ಚಾಲೆಯೂ ಹಿಡಿಯಿತೆಂದೇ ಅರ್ಥ. ಘಟ್ಟದ ಕಡೆಯಿಂದ ಒಂದು ಗುಡುಗು ಕೇಳಿಸುತ್ತದೆ, ದೀಪ ಒಮ್ಮೆ ಮಿಣುಕಿ ಮತ್ತೆ ನಿಲ್ಲುತ್ತದೆ. ಹಳೆಯ ರೇಡಿಯೋ ಇರುವ ಮನೆಯವರಿಗೆ ಇದರಿಂದ ದೊಡ್ಡ ತೊಂದರೆಯೇನೂ ಇಲ್ಲ. ಹಾಡಿನ ಒಂದು ಸಾಲು ನುಂಗಿಹೋದೀತು, ಅಷ್ಟೆ. ಮುಳ್ಳು ಎಲ್ಲಿತ್ತೋ ಅಲ್ಲೇ ಇರುತ್ತದೆ, ನಿಲಯವೂ ಅದೇ. ಆ ಪೆಟ್ಟಿಗೆಗೆ ಮರೆಯುವುದಕ್ಕೆ ಏನೂ ಇಲ್ಲ, ನೆನಪಿಡುವುದಕ್ಕೂ ಏನೂ ಇಲ್ಲ. ಆದರೆ ಅದೇ ಮನೆಯ ಇನ್ನೊಂದು ಮೂಲೆಯಲ್ಲಿ ಗಣಕವೋ ಇಂಟರ್‌ನೆಟ್ಟಿನ ಪೆಟ್ಟಿಗೆಯೋ ಇದ್ದರೆ, ಆ ಅರೆಕ್ಷಣದ ಮಿಣುಕು ಅದಕ್ಕೊಂದು ಮರುಜನ್ಮವೇ ಸರಿ. ಅದು ಮೊದಲಿನಿಂದ ಎದ್ದು, ಕಣ್ಣುಜ್ಜಿಕೊಂಡು, ತಾನು ಯಾರು, ತನ್ನ ಸುತ್ತ ಏನೇನಿದೆ ಎಂದು ಒಂದೊಂದಾಗಿ ವಿಚಾರಿಸಿಕೊಂಡು, ಆಮೇಲೆ ಕೆಲಸಕ್ಕೆ ಇಳಿಯಬೇಕು. ಹೀಗೆ ಮೊದಲಿನಿಂದ ಎಬ್ಬಿಸುವ ಕ್ರಿಯೆಗೆ ರೀಸೆಟ್ ಎಂದು ಹೆಸರು.

ಕರೆಂಟು ಹೋಗಿ ಬಂದಾಗ ಆಗುವ ರೀಸೆಟ್ಟನ್ನು ಎಲ್ಲರೂ ಬಲ್ಲರು. ಗುಂಡಿ ಒತ್ತಿ ಮಾಡುವುದನ್ನೂ ಬಲ್ಲರು. ಆದರೆ ಮೂರನೆಯದೊಂದು ಉಂಟು. ಗಣಕದಲ್ಲಿ ಓಡುತ್ತಿರುವ ಕಾರ್ಯಕ್ರಮವೇ, ಅಂದರೆ ಆಜ್ಞೆಗಳ ಸಾಲೇ, "ಇನ್ನು ನಾನು ಮೊದಲಿನಿಂದ ಶುರುವಾಗುತ್ತೇನೆ" ಎಂದು ನಿರ್ಧರಿಸಿ ಯಂತ್ರವನ್ನು ರೀಸೆಟ್ ಮಾಡುವುದು. ನೀವು ಪರದೆಯ ಮೇಲೆ 'ರೀಸ್ಟಾರ್ಟ್' ಎಂಬುದನ್ನು ಆರಿಸಿದಾಗ ನಡೆಯುವುದು ಇದೇ. ನೋಡಲು ಅತಿ ಸುಲಭ, ಯೋಚಿಸಿದರೆ ವಿಚಿತ್ರ. ಎಷ್ಟು ಚತುರನಾದ ನಟನೂ ತನ್ನ ಹೆಗಲನ್ನು ತಾನೇ ಏರಲಾರನೆಂದು ನಮ್ಮ ಹಿಂದಿನ ಪಂಡಿತರು ಹೇಳುತ್ತಿದ್ದರು. ಓಡುತ್ತಿರುವ ಕಾರ್ಯಕ್ರಮ ತನ್ನ ಓಟವನ್ನೇ ಅಳಿಸಿ, ಅಳಿಸಿದ ಮೇಲೆ ಮತ್ತೆ ಓಡಿಸುವುದೆಂದರೆ ಅದೇ ಹೆಗಲೇರುವ ಕೆಲಸ. ಇಂಜಿನಿಯರುಗಳು ಇದನ್ನು ಹೇಗೆ ಸಾಧಿಸಿದರು ಎಂಬುದಕ್ಕೆ ಐವತ್ತು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ಆ ಚರಿತ್ರೆಯ ಕೆಲವು ಪುಟಗಳು ನಮ್ಮ ಕರ್ನಾಟಕದಲ್ಲೇ ತೆರೆದುಕೊಂಡಿವೆ.

ಮೊದಲು ರೀಸೆಟ್ ಎಂದರೆ ಒಳಗೆ ಏನಾಗುತ್ತದೆ ಎಂಬುದನ್ನು ನೋಡೋಣ. ಗಣಕದ ಮಿದುಳೆನಿಸಿದ ಪ್ರೊಸೆಸರ್, ನೆನಪಿನ ಕೋಶಗಳಿಂದ ಒಂದರ ಹಿಂದೊಂದು ಆಜ್ಞೆಯನ್ನು ಎತ್ತಿಕೊಂಡು ನಡೆಸುತ್ತ ಹೋಗುತ್ತದೆ. ಮುಂದಿನ ಆಜ್ಞೆಯನ್ನು ಯಾವ ಕೋಶದಿಂದ ಎತ್ತಬೇಕೆಂಬ ಲೆಕ್ಕ ಅದರೊಳಗಿನ ಒಂದು ಸಣ್ಣ ಖಾನೆಯಲ್ಲಿರುತ್ತದೆ. ಕರೆಂಟು ಹತ್ತಿದ ಕ್ಷಣದಲ್ಲಿ ಆ ಖಾನೆಯಲ್ಲಿ ಏನಿರುತ್ತದೆಂದು ಯಾರೂ ಹೇಳಲಾರರು. ಆದ ಕಾರಣ ಪ್ರೊಸೆಸರಿನ ಒಂದು ಪಿನ್ನನ್ನು ಇದಕ್ಕೆಂದೇ ಮೀಸಲಿಡುತ್ತಾರೆ. ಒಂದು ರೆಸಿಸ್ಟರು, ಒಂದು ಕೆಪಾಸಿಟರು, ಇವು ರೇಡಿಯೋ ರಿಪೇರಿಯವರ ಡಬ್ಬಿಯಲ್ಲಿ ಇರುವಂಥವೇ. ಕರೆಂಟು ಬಂದ ಮೇಲೆ ಸ್ವಲ್ಪ ಹೊತ್ತು ಆ ಪಿನ್ನನ್ನು ಕೆಳಗೆ ಹಿಡಿದಿಟ್ಟು, ವೋಲ್ಟೇಜು ನೆಲೆಗೆ ನಿಂತ ಬಳಿಕ ಬಿಟ್ಟುಕೊಡುವುದು ಅವುಗಳ ಕೆಲಸ. ಬಿಟ್ಟ ಕೂಡಲೇ ಪ್ರೊಸೆಸರ್ ಒಂದು ಗೊತ್ತಾದ ಕೋಶಕ್ಕೆ ಹೋಗಿ ಅಲ್ಲಿಂದ ಓದತೊಡಗುತ್ತದೆ. ಕೆಲವಕ್ಕೆ ಆ ಕೋಶ ಸೊನ್ನೆಯದು. ಕೆಲವಕ್ಕೆ ನೆನಪಿನ ತುತ್ತತುದಿಯದು. ಎಲ್ಲಿಯಾದರೂ ಸರಿ, ಅಲ್ಲಿ ಅಳಿಯದ ಅಕ್ಷರದಲ್ಲಿ ಮೊದಲ ಆಜ್ಞೆ ಕಾದಿರಬೇಕು.

ಇಂಟೆಲ್ ಕಂಪೆನಿ 1972ರಲ್ಲಿ ಹೊರತಂದ 8008 ಎಂಬ ಪ್ರೊಸೆಸರಿಗೆ ಇಂತಹ ರೀಸೆಟ್ ಪಿನ್ನೇ ಇರಲಿಲ್ಲ ಎಂದರೆ ಆಶ್ಚರ್ಯವಾದೀತು. ಕರೆಂಟು ಹಾಕಿದರೆ ಅದು ನಿದ್ದೆಯಲ್ಲೇ ಎದ್ದು ಕೂರುತ್ತಿತ್ತು. ಹೊರಗಿನಿಂದ ಯಾರಾದರೂ ತಟ್ಟಿ ಕರೆದು, ಅದರ ಬಾಯಿಗೆ ಒಂದು ಆಜ್ಞೆಯನ್ನು ತುರುಕಬೇಕು. ಸಾಮಾನ್ಯವಾಗಿ ತುರುಕುತ್ತಿದ್ದ ಆಜ್ಞೆಯ ಹೆಸರು ಆರ್‌ಎಸ್‌ಟಿ ಸೊನ್ನೆ; ಸೊನ್ನೆಯ ಕೋಶಕ್ಕೆ ಹೋಗಿ ಅಲ್ಲಿಂದ ಶುರುಮಾಡು ಎಂದು ಅದರ ಅರ್ಥ. ಮುಂದಿನ ತಲೆಮಾರಿನ ಪ್ರೊಸೆಸರುಗಳಿಗೆ ರೀಸೆಟ್ ಪಿನ್ನು ಬಂತು. ಆದರೂ ಈ ಆಜ್ಞೆ ಹಾಗೆಯೇ ಉಳಿಯಿತು. ಹೊಸ ಮನೆ ಕಟ್ಟಿದ ಮೇಲೂ ಅಂಗಳದಲ್ಲಿ ಹಳೆಯ ಬಾವಿ ಉಳಿಯುವುದಿಲ್ಲವೆ, ಹಾಗೆ.

1976ರಲ್ಲಿ, ಅಂದರೆ ನಮ್ಮ ಮಂಗಳೂರು ಆಕಾಶವಾಣಿ ನಿಲಯ ಶುರುವಾದ ವರ್ಷವೇ, ಇಂಟೆಲ್‌ನ 8085 ಬಂತು. ಈ ನಾಡಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದರಷ್ಟು ಪರಿಚಿತವಾದ ಪ್ರೊಸೆಸರ್ ಇನ್ನೊಂದಿರಲಾರದು. ಬೆಂಗಳೂರಿನ ಎಲೆಕ್ಟ್ರೋ ಸಿಸ್ಟಮ್ಸ್ ಅಸೋಸಿಯೇಟ್ಸ್ ಮೊದಲಾದವರು ಅದನ್ನು ಒಂದು ಹಲಗೆಯ ಮೇಲೆ ಕೂರಿಸಿ, ಪಕ್ಕದಲ್ಲಿ ಸಣ್ಣ ಕೀಲಿಮಣೆ, ಮೇಲೆ ಕೆಂಪಗೆ ಬೆಳಗುವ ಅಂಕೆಗಳು, ಹೀಗೆ ಅಭ್ಯಾಸದ ಕಿಟ್ಟುಗಳನ್ನು ಮಾಡಿ ಕಾಲೇಜುಗಳಿಗೆ ಕೊಟ್ಟರು. ನಿಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಓದಿದ ಮಗನೋ ಸೊಸೆಯೋ ಇದ್ದರೆ ಕೇಳಿ ನೋಡಿ. ಆ ಹಲಗೆಯ ಮೂಲೆಯಲ್ಲಿದ್ದ ರೀಸೆಟ್ ಗುಂಡಿಯ ನೆನಪು ಅವರಿಗೆ ಇದ್ದೇ ಇರುತ್ತದೆ. ಬರೆದ ಕಾರ್ಯಕ್ರಮ ದಾರಿತಪ್ಪಿದಾಗಲೆಲ್ಲ ಬೆರಳು ಹೋಗುತ್ತಿದ್ದುದು ಅಲ್ಲಿಗೆ.

ಈ ಕಿಟ್ಟಿನ ಮೇಲೆ ಒಂದು ಪ್ರಯೋಗವನ್ನು ಕಲ್ಪಿಸಿಕೊಳ್ಳಿ. ಹಲಗೆಯ ಮೇಲೆ 8255 ಎಂಬ ಇನ್ನೊಂದು ಚಿಪ್ಪು ಇರುತ್ತದೆ. ಹೊರಗಿನ ಜಗತ್ತಿಗೆ ಪ್ರೊಸೆಸರಿನ ಕೈಗಳು ಎಂದರೆ ಅದು. ಅದಕ್ಕೆ ಸರಿಯಾದ ಸರ್ಕೀಟಿನ ಮೂಲಕ ಒಂದು ಸಣ್ಣ ಮೋಟಾರನ್ನು ಕಟ್ಟಿದ್ದೇವೆ ಎನ್ನಿ. ಕಾರ್ಯಕ್ರಮ ಮೋಟಾರನ್ನು ತಿರುಗಿಸುತ್ತಿದೆ. ಈಗ ರೀಸೆಟ್ ಗುಂಡಿ ಒತ್ತಿದರೆ ಎರಡು ಕೆಲಸ ಆಗುತ್ತದೆ. ಪ್ರೊಸೆಸರ್ ಸೊನ್ನೆಯ ಕೋಶಕ್ಕೆ ಹೋಗುತ್ತದೆ. ಅದರ ಜೊತೆಗೇ ಅದರ 'ರೀಸೆಟ್ ಔಟ್' ಎಂಬ ಇನ್ನೊಂದು ಪಿನ್ನಿನಿಂದ ಅಕ್ಕಪಕ್ಕದ ಚಿಪ್ಪುಗಳಿಗೂ ಡಂಗುರ ಹೋಗುತ್ತದೆ. 8255 ಆ ಡಂಗುರ ಕೇಳಿದ ಕೂಡಲೇ ತನ್ನ ಕೈಗಳನ್ನೆಲ್ಲ ಹಿಂದಕ್ಕೆಳೆದುಕೊಂಡು, ಕೊಡುವ ಕೆಲಸ ಬಿಟ್ಟು ಬರೇ ಕೇಳುವ ಭಂಗಿಗೆ ಬರುತ್ತದೆ. ಮೋಟಾರಿಗೆ ಹೋಗುತ್ತಿದ್ದ ಅಪ್ಪಣೆ ನಿಂತುಹೋಯಿತು.

ಗುಂಡಿಯ ಬದಲಿಗೆ ಕಾರ್ಯಕ್ರಮದೊಳಗೇ ಆ ಹಳೆಯ ಆರ್‌ಎಸ್‌ಟಿ ಸೊನ್ನೆಯನ್ನು ಬರೆದಿಟ್ಟರೋ? ಪ್ರೊಸೆಸರ್ ಅದೇ ಸೊನ್ನೆಯ ಕೋಶಕ್ಕೆ ಹೋಗುತ್ತದೆ, ಅದೇ ಮೊದಲ ಆಜ್ಞೆಯನ್ನು ಓದುತ್ತದೆ. ನೋಡುವವರಿಗೆ ಎರಡೂ ಒಂದೇ. ಆದರೆ ಡಂಗುರ ಹೊಡೆಯಲಿಲ್ಲ. 8255ಕ್ಕೆ ಯಾವ ಸುದ್ದಿಯೂ ಇಲ್ಲ. ಯಜಮಾನನಿಗೆ ಹಿಂದಿನದೆಲ್ಲ ಮರೆತು ಹೊಸ ದಿನ ಶುರುವಾಗಿದೆ, ಆಳು ಮಾತ್ರ ನಿನ್ನೆಯ ಅಪ್ಪಣೆಯಂತೆ ನೀರು ಸೇದುತ್ತಲೇ ಇದ್ದಾನೆ. ಶುರುವಿನ ಆಜ್ಞೆಗಳಲ್ಲಿ ಯಾರಾದರೂ ನೆನಪಿಟ್ಟು ಅವನನ್ನು ನಿಲ್ಲಿಸುವ ತನಕ ಮೋಟಾರು ತಿರುಗುತ್ತಲೇ ಇರುತ್ತದೆ. ಪ್ರಯೋಗಶಾಲೆಯ ಆಟಿಕೆ ಮೋಟಾರಾದರೆ ನಗಬಹುದು. ಕಾರ್ಖಾನೆಯ ಬಾಯ್ಲರಿನ ಕವಾಟವೋ ಆಸ್ಪತ್ರೆಯಲ್ಲಿ ಔಷಧ ಹನಿಸುವ ಪಂಪೋ ಆದರೆ ನಗುವ ಮಾತಲ್ಲ. ಆರಂಭಕ್ಕೆ ಹೋಗುವುದೇ ಬೇರೆ, ಆರಂಭದ ಸ್ಥಿತಿಗೆ ಬರುವುದೇ ಬೇರೆ. ಈ ಭೇದವನ್ನು ಹಿಡಿದುಕೊಂಡರೆ ಮುಂದಿನ ಚರಿತ್ರೆಯೆಲ್ಲ ಸುಲಭವಾಗುತ್ತದೆ.

ಇದಕ್ಕೆ ಸರಿಯಾಗಿ ತಿರುವುಮುರುವಾದ ಇನ್ನೊಂದು ದಾರಿಯೂ ಇತ್ತು. ಅಮೆರಿಕದ ಡಿಜಿಟಲ್ ಕಂಪೆನಿ 1970ರಲ್ಲಿ ಹೊರತಂದ ಪಿಡಿಪಿ-11 ಗಣಕದಲ್ಲಿ 'ರೀಸೆಟ್' ಎಂಬ ಹೆಸರಿನ ಆಜ್ಞೆಯೇ ಇತ್ತು. 1979ರ ಮೊಟೊರೋಲಾ 68000 ಪ್ರೊಸೆಸರಿನಲ್ಲೂ ಅದೇ ಹೆಸರಿನ ಆಜ್ಞೆ. ಆದರೆ ತಮಾಷೆ ನೋಡಿ, ಆ ಆಜ್ಞೆಯಿಂದ ಪ್ರೊಸೆಸರಿಗೆ ಏನೂ ಆಗುವುದಿಲ್ಲ. ಅದು ಡಂಗುರ ಮಾತ್ರ ಹೊಡೆಯುತ್ತದೆ. 68000ದಲ್ಲಿ ಗಡಿಯಾರದ 124 ಬಡಿತಗಳಷ್ಟು ಹೊತ್ತು ರೀಸೆಟ್ ತಂತಿಯನ್ನು ಎಳೆದು ಹಿಡಿಯುತ್ತದೆ. ಸುತ್ತಲಿನ ಚಿಪ್ಪುಗಳೆಲ್ಲ ಮೊದಲಿನ ಸ್ಥಿತಿಗೆ ಬರುತ್ತವೆ. ಪ್ರೊಸೆಸರ್ ಮಾತ್ರ ಏನೂ ಆಗದವನಂತೆ ಮುಂದಿನ ಆಜ್ಞೆಗೆ ಹೋಗುತ್ತದೆ.

ಇದೇ 68000ವನ್ನು ಬಳಸಿಕೊಂಡು ಕಮೋಡೋರ್ ಕಂಪೆನಿ 1985ರಲ್ಲಿ ಅಮಿಗಾ ಎಂಬ ಗಣಕವನ್ನು ಮಾಡಿತು. ಅದರಲ್ಲಿ ಪೂರ್ತಿ ರೀಸೆಟ್ ಬೇಕಾದರೆ ಮೊದಲು ಡಂಗುರ ಹೊಡೆದು, ಆಮೇಲೆ ಆರಂಭದ ಕೋಶಕ್ಕೆ ಹಾರಬೇಕು, ಎಂದರೆ ಎರಡು ಅರ್ಧಗಳನ್ನು ಸೇರಿಸಬೇಕು. ತೊಡಕೇನೆಂದರೆ, ಡಂಗುರ ಹೊಡೆದ ಕೂಡಲೇ ನೆನಪಿನ ಏರ್ಪಾಟೇ ಬದಲಾಗಿ, ಈ ಆಜ್ಞೆಗಳು ಕುಳಿತ ಕೋಶಗಳೇ ಪ್ರೊಸೆಸರಿನ ಕಣ್ಣಿಗೆ ಕಾಣದಂತಾಗಬಹುದು. ಕೂತ ಕೊಂಬೆಯನ್ನೇ ಕಡಿದಂತೆ. ಹಾಗಿದ್ದೂ ಬೀಳದೆ ಉಳಿಯುವುದು ಹೇಗೆ? 68000 ಒಂದು ಆಜ್ಞೆಯನ್ನು ನಡೆಸುತ್ತಿರುವಾಗಲೇ ಅದರ ಮುಂದಿನ ತುಂಡನ್ನು ಒಳಗೆ ಓದಿಟ್ಟುಕೊಂಡಿರುತ್ತದೆ. ಹಾರುವ ಆಜ್ಞೆಯನ್ನು ಆ ಒಂದೇ ತುಂಡಿನಲ್ಲಿ ಅಡಗಿಸಿ, ಡಂಗುರದ ಆಜ್ಞೆಗೆ ಅಂಟಿಸಿ ಬರೆದರೆ, ಕೊಂಬೆ ಮುರಿಯುವ ಮೊದಲೇ ಕಾಲು ನೆಗೆದಿರುತ್ತದೆ. ಈ ಎರಡು ಸಾಲುಗಳನ್ನು ಹೀಗೆಯೇ, ಇಂತಹ ಜಾಗದಲ್ಲೇ ಬರೆಯಬೇಕೆಂದು ಕಂಪೆನಿಯೇ ತಿಳಿಸಿಕೊಡಬೇಕಾಯಿತು. ಜಾಣತನವೇನೋ ಹೌದು. ಆದರೆ ಒಂದು ಯಂತ್ರದ ಮರುಹುಟ್ಟು ಇಂತಹ ಕೂದಲೆಳೆಯ ಮೇಲೆ ನಿಂತಿರಬಾರದು ಎಂದೇ ನನಗೆ ತೋರುತ್ತದೆ.

ಇನ್ನು ನಮ್ಮ ಬ್ಯಾಂಕು, ಕಚೇರಿ, ಮನೆಗಳನ್ನೆಲ್ಲ ತುಂಬಿದ ಪಿಸಿಯ ಕಥೆ. ಐಬಿಎಂ ತನ್ನ ಪಿಸಿಯನ್ನು 1981ರ ಆಗಸ್ಟ್ 12ರಂದು ಹೊರತಂದಿತು. ಅದರಲ್ಲಿ ರೀಸೆಟ್ ಗುಂಡಿ ಇರಲಿಲ್ಲ. ಕಾರ್ಯಕ್ರಮ ಕೆಟ್ಟುನಿಂತಾಗಲೆಲ್ಲ ಕರೆಂಟು ಆರಿಸಿ ಹಾಕುವುದು, ಆಮೇಲೆ ನೆನಪಿನ ಪರೀಕ್ಷೆ ಮುಗಿಯುವ ತನಕ ಕಾಯುವುದು ಇಂಜಿನಿಯರುಗಳಿಗೇ ಬೇಸರವಾಯಿತು. ಆ ತಂಡದ ಡೇವಿಡ್ ಬ್ರಾಡ್ಲಿ ಎಂಬವರು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತುವ ಉಪಾಯ ಮಾಡಿದರು. ಕಂಟ್ರೋಲ್, ಆಲ್ಟ್, ಡಿಲೀಟ್. ಮೊದಲು ಮೂರನೆಯದು ಎಸ್ಕೇಪ್ ಕೀಲಿಯಾಗಿತ್ತಂತೆ. ಒಂದೇ ಕೈಯಲ್ಲಿ ಅಕಸ್ಮಾತ್ ಒತ್ತಿಹೋಗಬಹುದೆಂದು ದೂರದ ಡಿಲೀಟಿಗೆ ಬದಲಾಯಿಸಿದರು.

ಈ ಮೂರು ಕೀಲಿಗಳೂ ನಿಜವಾಗಿ ಯಾವ ತಂತಿಯನ್ನೂ ಎಳೆಯುತ್ತಿರಲಿಲ್ಲ. ಕೀಲಿಮಣೆಯನ್ನು ನೋಡಿಕೊಳ್ಳುವ ಸಣ್ಣ ಕಾರ್ಯಕ್ರಮ, ಮೂರೂ ಒಟ್ಟಿಗೆ ಬಂದದ್ದನ್ನು ಕಂಡು, ನೆನಪಿನ ಒಂದು ಗೊತ್ತಾದ ಮೂಲೆಯಲ್ಲಿ 1234 ಎಂಬ ಗುರುತು ಬರೆದು, ಆರಂಭದ ಆಜ್ಞೆಗಳ ಕಡೆಗೆ ಹಾರುತ್ತಿತ್ತು. ಅಲ್ಲಿಯ ಆಜ್ಞೆಗಳು ಆ ಗುರುತನ್ನು ಕಂಡರೆ, "ಇದು ಕರೆಂಟು ಹೋಗಿ ಬಂದದ್ದಲ್ಲ, ನಮ್ಮವರೇ ಕಳಿಸಿದ್ದು" ಎಂದು ತಿಳಿದು ನೆನಪಿನ ಪರೀಕ್ಷೆಯನ್ನು ಬಿಟ್ಟುಬಿಡುತ್ತಿದ್ದವು. ಎಂದರೆ ಅದೂ ಆರ್‌ಎಸ್‌ಟಿ ಸೊನ್ನೆಯ ವಂಶದ್ದೇ. ಕೆಟ್ಟ ಕಾರ್ಯಕ್ರಮವೊಂದು ಕೀಲಿಮಣೆಯ ಕರೆಗೇ ಕಿವಿ ಮುಚ್ಚಿ ಕುಳಿತಿದ್ದರೆ ಮೂರಲ್ಲ, ಮೂವತ್ತು ಕೀಲಿ ಒತ್ತಿದರೂ ಪ್ರಯೋಜನವಿಲ್ಲ. ಕರೆಂಟು ಆರಿಸಬೇಕಾದ್ದೇ.

ತಂತಿಯನ್ನು ನಿಜವಾಗಿ ಎಳೆಯುವ ಅಗತ್ಯ ಬಂದದ್ದು ಬೇರೆ ಕಾರಣದಿಂದ. ಇಂಟೆಲ್ 1982ರಲ್ಲಿ 80286 ಎಂಬ ಪ್ರೊಸೆಸರನ್ನು ಮಾಡಿತು. ಅದಕ್ಕೆ ಎರಡು ನಡೆ. ಹಳೆಯ ನಡೆಯಲ್ಲಿ ಅದು ಹಿಂದಿನ ಪ್ರೊಸೆಸರುಗಳಂತೆಯೇ ಇದ್ದು, ಸುಮಾರು ಹತ್ತು ಲಕ್ಷ ಕೋಶಗಳಷ್ಟು ನೆನಪನ್ನು ಮಾತ್ರ ಮುಟ್ಟಬಲ್ಲದು. ಹೊಸ ನಡೆಯಲ್ಲಿ ಅದರ ಹದಿನಾರು ಪಟ್ಟು ನೆನಪು, ಒಂದು ಕಾರ್ಯಕ್ರಮ ಇನ್ನೊಂದರ ಜಾಗಕ್ಕೆ ಕೈಹಾಕದಂತೆ ಬೇಲಿ, ಎಲ್ಲ ಉಂಟು. ಹಳೆಯದರಿಂದ ಹೊಸದಕ್ಕೆ ಹೋಗಲು ಒಂದು ಆಜ್ಞೆ ಸಾಕು. ಹೊಸದರಿಂದ ಹಿಂದಕ್ಕೆ ಬರಲು? ದಾರಿಯೇ ಇಲ್ಲ! ಹೊಸ ಮನೆಗೆ ಹೋದವರು ಹಳೆಯ ಮನೆಗೆ ಮರಳುವುದೇಕೆ ಎಂದು ಮಾಡಿದವರು ಎಣಿಸಿದರೇನೋ. ಆದರೆ ಜನರ ಹತ್ತಿರ ಇದ್ದ ಕಾರ್ಯಕ್ರಮಗಳೆಲ್ಲ ಹಳೆಯ ನಡೆಗೆ ಬರೆದವು. ಮರಳದೆ ಗತಿಯಿರಲಿಲ್ಲ, ಮರಳುವ ದಾರಿ ರೀಸೆಟ್ ಒಂದೇ.

ಐಬಿಎಂನವರು 1984ರ ತಮ್ಮ ಎಟಿ ಎಂಬ ಗಣಕದಲ್ಲಿ ಮಾಡಿದ ಏರ್ಪಾಟು ಯಕ್ಷಗಾನದ ಚೌಕಿಯಲ್ಲಿ ಒಬ್ಬನೇ ಕಲಾವಿದ ಎರಡು ವೇಷ ಬದಲಾಯಿಸಿದಂತಿದೆ. ಎಟಿಯ ಕೀಲಿಮಣೆಯನ್ನು ನೋಡಿಕೊಳ್ಳಲು 8042 ಎಂಬ ಪ್ರತ್ಯೇಕವಾದ ಸಣ್ಣ ಪ್ರೊಸೆಸರಿತ್ತು. ಅದರ ಒಂದು ಪಿನ್ನು ಹೆಚ್ಚಿಗೆ ಉಳಿದಿತ್ತು. ಆ ಪಿನ್ನಿನಿಂದ ದೊಡ್ಡ ಪ್ರೊಸೆಸರಿನ ರೀಸೆಟ್ಟಿಗೆ ತಂತಿ ಎಳೆದರು. ಇನ್ನು ಗಡಿಯಾರದ ಚಿಪ್ಪಿನಲ್ಲಿ ಬ್ಯಾಟರಿಯ ಬಲದಿಂದ ಮರೆಯದೆ ಉಳಿಯುವ 64 ಕೋಶಗಳಿದ್ದವು. ಹಿಂದಿನ ನಡೆಗೆ ಮರಳಬೇಕಾದ ಕಾರ್ಯಕ್ರಮ ಮೊದಲು ಆ ಕೋಶಗಳಲ್ಲೊಂದರಲ್ಲಿ ಚೀಟಿ ಬರೆದಿಡುತ್ತದೆ, "ನಾನು ಸತ್ತಿಲ್ಲ, ವೇಷ ಬದಲಿಸಲು ಹೋಗಿದ್ದೇನೆ" ಎಂದು. ಎಲ್ಲಿಗೆ ಮರಳಬೇಕೆಂಬ ವಿಳಾಸವನ್ನು ನೆನಪಿನಲ್ಲಿ ಬರೆದಿಡುತ್ತದೆ. ಆಮೇಲೆ ಕೀಲಿಮಣೆಯ ಚಿಪ್ಪಿಗೆ "ಎಳೆ ತಂತಿಯನ್ನು" ಎನ್ನುತ್ತದೆ. ದೊಡ್ಡ ಪ್ರೊಸೆಸರ್ ರೀಸೆಟ್ ಆಗಿ ಹಳೆಯ ನಡೆಯಲ್ಲಿ ಎದ್ದು, ಆರಂಭದ ಆಜ್ಞೆಗಳನ್ನು ಓದತೊಡಗುತ್ತದೆ. ಆ ಆಜ್ಞೆಗಳು ಚೀಟಿಯನ್ನು ಕಂಡು, ಪರೀಕ್ಷೆಗಳನ್ನೆಲ್ಲ ಬಿಟ್ಟು, ನೇರವಾಗಿ ಬರೆದಿಟ್ಟ ವಿಳಾಸಕ್ಕೆ ಕಳಿಸುತ್ತವೆ. ಹೆಗಲೇರಿದ್ದು ಹೀಗೆ. ತಾನೇ ಏರಿದ್ದಲ್ಲ, ಪಕ್ಕದ ಹುಡುಗನಿಗೆ ಹೇಳಿ ಎತ್ತಿಸಿಕೊಂಡದ್ದು.

ಆ ಹುಡುಗ ಮಾತ್ರ ತುಸು ನಿಧಾನಿ. ಕೀಲಿಮಣೆಯ ಚಿಪ್ಪು ಅಪ್ಪಣೆ ಕೇಳಿ ತಂತಿ ಎಳೆಯುವಷ್ಟರಲ್ಲಿ ದೊಡ್ಡ ಪ್ರೊಸೆಸರ್ ಸಾವಿರಾರು ಆಜ್ಞೆಗಳನ್ನು ನಡೆಸಬಹುದಿತ್ತು. ಓಎಸ್/2 ಎಂಬ ವ್ಯವಸ್ಥೆಯನ್ನು ಬರೆದವರು ಇದಕ್ಕಿಂತ ಬೇಗದ, ಆದರೆ ಎದೆಗಾರಿಕೆಯ ದಾರಿ ಹಿಡಿದರು. ಪ್ರೊಸೆಸರಿಗೆ ತಪ್ಪು ಎದುರಾದರೆ ಅದು ತಪ್ಪು ಸರಿಪಡಿಸುವ ಆಜ್ಞೆಗಳನ್ನು ಹುಡುಕುತ್ತದೆ. ಅವೂ ಸಿಗದಿದ್ದರೆ ಎರಡನೆಯ ತಪ್ಪು. ಅದನ್ನು ನೋಡಿಕೊಳ್ಳುವವರೂ ಇಲ್ಲವಾದರೆ ಮೂರನೆಯದು, ಆಗ ಪ್ರೊಸೆಸರ್ ಕೈಚೆಲ್ಲಿ ನಿಂತುಬಿಡುತ್ತದೆ. ಹಾಗೆ ನಿಂತದ್ದನ್ನು ಕಂಡ ಹಲಗೆಯ ಸರ್ಕೀಟು ತಾನಾಗಿ ರೀಸೆಟ್ ತಂತಿಯನ್ನು ಎಳೆಯುತ್ತದೆ. ಆದ್ದರಿಂದ ಇವರು ಬೇಕೆಂದೇ ಪ್ರೊಸೆಸರಿನ ಕೈಯಿಂದ ಆ ಪಟ್ಟಿಯನ್ನು ಕಿತ್ತುಕೊಂಡು ಅದನ್ನು ಎಡವಿಸಿದರು! ಮುಮ್ಮಡಿ ದೋಷವೆಂದು ಇದನ್ನು ಕರೆಯಬಹುದು. 1985ರಲ್ಲಿ ಬಂದ 80386ರಲ್ಲಿ ಇಂಟೆಲ್‌ನವರು ಹಿಂದಕ್ಕೆ ಬರುವ ಬಾಗಿಲನ್ನು ಇಟ್ಟರು. ನಡೆ ಬದಲಿಸಲು ಈ ಸಾಹಸ ಬೇಡವಾಯಿತು.

ಇಷ್ಟು ಹೊತ್ತು ರೀಸೆಟ್ ಹೇಗೆ ಮಾಡುವುದೆಂಬ ಮಾತಾಯಿತು. ಬೇಕಾದ್ದನ್ನು ಕಳೆದುಕೊಳ್ಳದೆ ಮಾಡುವುದು ಹೇಗೆಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದ್ದು ಈ ಚಿಪ್ಪುಗಳೆಲ್ಲ ಹುಟ್ಟುವ ಮೊದಲೇ. ಸಿಕ್ಕಿದ ಜಾಗ ಚಂದ್ರನ ಹತ್ತಿರ.

1969ರ ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಕುಳಿತ 'ಈಗಲ್' ನೌಕೆ ಚಂದ್ರನ ನೆಲಕ್ಕೆ ಇಳಿಯುತ್ತಿದ್ದಾಗ, ಅದರ ಗಣಕ ಇದ್ದಕ್ಕಿದ್ದಂತೆ 1202 ಎಂಬ ಅಪಾಯದ ಅಂಕೆ ತೋರಿಸಿತು. ತಿದ್ದಬಲ್ಲ ನೆನಪು ಬರೇ 2048 ಪದಗಳಷ್ಟಿದ್ದ ಪುಟ್ಟ ಗಣಕ ಅದು. ಎಂಐಟಿ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ರೂಪಿಸಿದ್ದು. ಆ ಹೊತ್ತಿಗೆ ಬೇಡವಾಗಿದ್ದ ಒಂದು ರೇಡಾರಿನಿಂದ ಅರ್ಥವಿಲ್ಲದ ಎಣಿಕೆಗಳು ನುಗ್ಗಿ ಬಂದು ಗಣಕದ ವೇಳೆಯಲ್ಲಿ ಶೇಕಡಾ 13ರ ಆಸುಪಾಸನ್ನು ತಿಂದುಹಾಕುತ್ತಿದ್ದವು. ಕೆಲಸಗಳು ಮುಗಿಯುವ ಮೊದಲೇ ಹೊಸ ಕೆಲಸಗಳು ಬಂದು ಸಾಲುಗಟ್ಟಿ, ಕೂರಿಸಲು ಜಾಗ ಸಾಲದಾಯಿತು. ಆಗ ಗಣಕ ಮಾಡಿದ್ದು ಪುನರಾರಂಭ. ಇಳಿಯುತ್ತಿರುವ ನೌಕೆಯಲ್ಲಿ, ನೆಲ ಹತ್ತಿರವಾಗುತ್ತಿರುವಾಗ! ಒಂದಲ್ಲ, ನೆಲ ಮುಟ್ಟುವಷ್ಟರಲ್ಲಿ ಐದು ಸಲ ಇಂತಹ ಅಪಾಯದ ಕರೆ ಬಂತು. ನಾಲ್ಕು ಸಲ 1202, ಒಂದು ಸಲ 1201.

ನೌಕೆ ಉರುಳಲಿಲ್ಲವೇಕೆ? ಅದರ ಕಾರ್ಯಕ್ರಮ ಬರೆದವರು ಪುನರಾರಂಭವನ್ನು ಅಪಘಾತವೆಂದು ಎಣಿಸದೆ, ಬಂದೇ ಬರುವ ನೆಂಟನೆಂದು ಎಣಿಸಿದ್ದರು. ಮುಖ್ಯವಾದ ಪ್ರತಿಯೊಂದು ಕೆಲಸವೂ ಇಂತಿಂತಹ ಹಂತ ಮುಗಿಯಿತೆಂದು ಒಂದು ಪಟ್ಟಿಯಲ್ಲಿ ಆಗಾಗ ಗುರುತು ಹಾಕುತ್ತಿತ್ತು. ಪುನರಾರಂಭವಾದರೆ ಗಣಕ ಸಾಲನ್ನೆಲ್ಲ ಚದುರಿಸಿ, ಪಟ್ಟಿಯನ್ನು ನೋಡಿ, ನೌಕೆಯನ್ನು ನಡೆಸುವಂತಹ ಕೆಲಸಗಳನ್ನು ಮಾತ್ರ ಕೊನೆಯ ಗುರುತಿನಿಂದ ಎತ್ತಿಕೊಳ್ಳುತ್ತಿತ್ತು. ಉಳಿದವು ಬಿದ್ದುಹೋದವು, ಬಿದ್ದರೂ ಚಿಂತೆಯಿರಲಿಲ್ಲ. ನೌಕೆ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬ ಅಂಕೆಗಳು ಸಣ್ಣ ಕಾಂತದ ಬಳೆಗಳ ನೆನಪಿನಲ್ಲಿ ಹಾಗೆಯೇ ಉಳಿದಿದ್ದವು.

ಗಮನಿಸಿ, ಇದು ಕಾರ್ಯಕ್ರಮ ತಾನೇ ಆರಂಭಕ್ಕೆ ಹಾರಿದ ಬಗೆ. ನಾನು ಮೇಲೆ ದೂರಿದ ಬಗೆಯೇ. ಆದರೆ ಇಲ್ಲಿ ಏನನ್ನು ಅಳಿಸಬೇಕು, ಏನನ್ನು ಉಳಿಸಬೇಕು ಎಂಬ ಯೋಚನೆ ಮೊದಲೇ ಆಗಿತ್ತು. ಇದರ ಹಿಂದೆ ಇನ್ನೊಬ್ಬ ಕಾವಲುಗಾರನೂ ಇದ್ದ. ಗಣಕದ ಯಂತ್ರಭಾಗದಲ್ಲಿ 'ರಾತ್ರಿಯ ಪಹರೆಯವ' ಎಂಬ ಅರ್ಥದ ಹೆಸರಿನ ಸರ್ಕೀಟೊಂದಿತ್ತು. ಕಾರ್ಯಕ್ರಮ ಕೆಲಸ ಮಾಡುತ್ತಿದ್ದರೆ ಎರಡು ಸೆಕೆಂಡಿನೊಳಗೆ ಒಮ್ಮೆಯಾದರೂ ನೆನಪಿನ ಒಂದು ಗೊತ್ತಾದ ಕೋಶವನ್ನು ಮುಟ್ಟಲೇಬೇಕು. ಮುಟ್ಟದಿದ್ದರೆ ಒಳಗಿನವನು ಎಲ್ಲೋ ಸುತ್ತುಹಾಕುತ್ತ ಸಿಕ್ಕಿಬಿದ್ದಿದ್ದಾನೆಂದು ತಿಳಿದು, ಪಹರೆಯವ ಯಾರನ್ನೂ ಕೇಳದೆ ಯಂತ್ರವನ್ನು ಪುನರಾರಂಭಿಸುತ್ತಿದ್ದ. ಈಗ ಬಟ್ಟೆ ಒಗೆಯುವ ಯಂತ್ರದಂತಹ ಸಾಧನಗಳ ಚಿಪ್ಪುಗಳಲ್ಲಿಯೂ ಇಂತಹ ಪಹರೆ ಉಂಟು.

ಪಹರೆಯವನಿಂದ ಜೀವ ಉಳಿಯುತ್ತದೆ, ರೋಗ ವಾಸಿಯಾಗುವುದಿಲ್ಲ. 1997ರ ಜುಲೈ 4ರಂದು ಮಂಗಳ ಗ್ರಹದ ಮೇಲಿಳಿದ 'ಪಾತ್‌ಫೈಂಡರ್' ನೌಕೆ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಆದಾಗಲೆಲ್ಲ ಆ ದಿನದ ಉಳಿದ ಕೆಲಸ ಮರುದಿನಕ್ಕೆ ಹೋಗುತ್ತಿತ್ತು. ಕಾರಣವನ್ನು ಬ್ಯಾಂಕುಗಳ ತವರಾದ ಈ ಊರಿನವರಿಗೆ ಹೀಗೆ ಹೇಳಬಹುದು. ಮ್ಯಾನೇಜರಿಗೆ ತುರ್ತಾಗಿ ಲೆಡ್ಜರು ಬೇಕು. ಲೆಡ್ಜರು ಇರುವುದು ಅಟೆಂಡರನ ಕೈಯಲ್ಲಿ. ಅವನು ಕೊಡಲು ತಯಾರು. ಆದರೆ ನಡುವಿನ ಗುಮಾಸ್ತರೊಬ್ಬರು ಅವನಿಗಿಂತ ಮೇಲಿನವರು, ಅವನನ್ನು ಬದಿಗೆ ನಿಲ್ಲಿಸಿ ತಮ್ಮ ಕೆಲಸ ಮಾಡಿಕೊಳ್ಳುತ್ತಲೇ ಇದ್ದಾರೆ. ಮ್ಯಾನೇಜರು ಕಾದು ಕುಳಿತದ್ದನ್ನು ಕಂಡ ಪಹರೆಯವ, ಬ್ಯಾಂಕನ್ನೇ ಮುಚ್ಚಿ ತೆರೆಯುತ್ತಾನೆ. ಭೂಮಿಯ ಮೇಲಿದ್ದ ಇಂಜಿನಿಯರುಗಳು ಅದೇ ಬಗೆಯ ಇನ್ನೊಂದು ಯಂತ್ರದಲ್ಲಿ ಇದೇ ತಪ್ಪನ್ನು ಮರುಕಳಿಸಿ ನೋಡಿ ಕಾರಣ ಹಿಡಿದರು. ಮ್ಯಾನೇಜರು ಕಾಯುತ್ತಿರುವಷ್ಟು ಹೊತ್ತು ಅಟೆಂಡರನಿಗೂ ಮ್ಯಾನೇಜರಿನ ದರ್ಜೆ ಕೊಡುವ ತಿದ್ದುಪಡಿಯನ್ನು ರೇಡಿಯೋ ಮೂಲಕ ಕಳಿಸಿದರು. ರೀಸೆಟ್ಟುಗಳು ನಿಂತವು.

ಹಾಗಾದರೆ ಎದ್ದು ಕುಳಿತ ಯಂತ್ರ ಮೊದಲು ಕೇಳಬೇಕಾದ ಪ್ರಶ್ನೆ "ನನ್ನನ್ನು ಎಬ್ಬಿಸಿದವರಾರು?" ಎಂಬುದು. ಕರೆಂಟು ಬಂತೆ, ಕಾರ್ಯಕ್ರಮ ಹೇಳಿತೆ, ಪಹರೆಯವ ತಟ್ಟಿದನೆ? ಉತ್ತರಕ್ಕೆ ಬೆಂಗಳೂರಿಗೆ ಹೋಗೋಣ.

ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ಪ್ರಾಧ್ಯಾಪಕರೂ ಎನ್‌ಕೋರ್ ಕಂಪೆನಿಯ ವಿನಯ್ ದೇಶಪಾಂಡೆ ಮೊದಲಾದವರೂ ಸೇರಿ 1999ರಲ್ಲಿ ಒಂದು ಟ್ರಸ್ಟು ಕಟ್ಟಿಕೊಂಡು, ಹಳ್ಳಿಯವರೂ ಬಳಸಬಹುದಾದ ಅಗ್ಗದ ಅಂಗೈ ಗಣಕವನ್ನು ಮಾಡಲು ಹೊರಟರು. ಸಿಂಪ್ಯೂಟರ್ ಎಂದು ಹೆಸರು. 2001ರ ಏಪ್ರಿಲಿನಲ್ಲಿ ಜನರ ಮುಂದೆ ಬಂತು. ಕೀಲಿಮಣೆಯಿಲ್ಲ, ಪರದೆಯ ಮೇಲೆ ಕಡ್ಡಿಯಿಂದ ಮುಟ್ಟಿದರಾಯಿತು. ಓದು ಬಾರದವರಿಗೆಂದು ಬರಹವನ್ನು ಗಟ್ಟಿಯಾಗಿ ಓದುವ ಏರ್ಪಾಟೂ ಇತ್ತು, ಕನ್ನಡವನ್ನೂ ಓದುತ್ತಿತ್ತು. ಒಂದೇ ಪೆಟ್ಟಿಗೆಯನ್ನು ಹಲವರು ಬಳಸಿ, ಅವರವರ ಮಾಹಿತಿಯನ್ನು ಅವರವರ ಕಾರ್ಡಿನಲ್ಲಿ ಇಟ್ಟುಕೊಳ್ಳುವ ಯೋಚನೆ. ಕರ್ನಾಟಕ ಸರಕಾರ ಜಮೀನಿನ ದಾಖಲೆಗಳ ಕೆಲಸಕ್ಕೂ ಇದನ್ನು ಬಳಸಿತು. 2004ರಲ್ಲಿ ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ ಮಾಡಿದ ಸಿಂಪ್ಯೂಟರ್ 'ಅಮಿಡಾ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಎಣಿಸಿದಷ್ಟು ಮಾರಾಟವಾಗಲಿಲ್ಲ ಎಂಬುದು ಬೇರೆ ಮಾತು.

ಹೊಲದ ಬದುವಿನಲ್ಲಿ ನಿಂತು ದಾಖಲೆ ತುಂಬುವವನ ಕೈಯಲ್ಲಿ ಇಂತಹ ಪೆಟ್ಟಿಗೆ ಕಟ್ಟಿಹೋದರೆ, ಅದನ್ನು ಎಬ್ಬಿಸಲು ಅಲ್ಲಿ ಇಂಜಿನಿಯರಿಲ್ಲ. ಅದು ತಾನೇ ಏಳಬೇಕು, ಎದ್ದ ಮೇಲೆ ಬೆಳಗ್ಗಿನಿಂದ ಬರೆದದ್ದು ಉಳಿದಿರಬೇಕು. ಸಿಂಪ್ಯೂಟರಿನ ಪ್ರೊಸೆಸರ್ ಇಂಟೆಲ್‌ನ ಸ್ಟ್ರಾಂಗ್ಆರ್ಮ್ ಎಸ್‌ಎ-1110. ಅದನ್ನು ಮಾಡಿದವರು ಹಿಂದಿನ ಮೂವತ್ತು ವರ್ಷಗಳ ಪಾಠವನ್ನೆಲ್ಲ ಒಂದೇ ಚಿಪ್ಪಿನೊಳಗೆ ತಂದಿದ್ದರು. ರೀಸೆಟ್ಟಿಗೆಂದೇ ಒಂದು ಖಾನೆ. ಅದರಲ್ಲಿ ಒಂದು ಎಂದು ಬರೆದರೆ ಸಾಕು, ಚಿಪ್ಪಿನ ಒಳಗಿನ ಸರ್ಕೀಟೇ ತಂತಿ ಎಳೆಯುತ್ತದೆ. ಕೀಲಿಮಣೆಯ ಹುಡುಗನ ಹಂಗಿಲ್ಲ. ಪಹರೆಯವನೂ ಒಳಗೇ ಇದ್ದಾನೆ. ಒಮ್ಮೆ ಅವನನ್ನು ನಿಲ್ಲಿಸಿದರೆ ರೀಸೆಟ್ ಆಗುವ ತನಕ ಯಾವ ಆಜ್ಞೆಯಿಂದಲೂ ಕೆಲಸದಿಂದ ತೆಗೆಯಲಾಗದು. ಕೆಟ್ಟ ಕಾರ್ಯಕ್ರಮ ಮೊದಲು ಕಾವಲುಗಾರನನ್ನೇ ಕಟ್ಟಿಹಾಕದಿರಲೆಂದು ಈ ಏರ್ಪಾಟು. ಇನ್ನೊಂದು ಖಾನೆಯಲ್ಲಿ ನಾಲ್ಕು ಗುರುತುಗಳು. ಹೊರಗಿನ ಪಿನ್ನಿನಿಂದ ಎದ್ದದ್ದೆ, ಕಾರ್ಯಕ್ರಮದ ಅಪ್ಪಣೆಯಿಂದಲೆ, ಪಹರೆಯವನಿಂದಲೆ, ಅಥವಾ ಬರೇ ನಿದ್ದೆಯಿಂದಲೆ ಎಂದು. ಎದ್ದ ಕೂಡಲೇ ಕಾರ್ಯಕ್ರಮ ಈ ಗುರುತುಗಳನ್ನು ಓದಿಕೊಂಡು ಮುಂದಿನ ದಾರಿ ಆರಿಸಬಹುದು. ಐಬಿಎಂನವರು ಗಡಿಯಾರದ ಚಿಪ್ಪಿನಲ್ಲಿ ಅಡಗಿಸಿದ್ದ ಚೀಟಿ ಇಲ್ಲಿ ಸರಿಯಾದ ಕಚೇರಿಯ ಕಡತವಾಗಿತ್ತು.

ಇಷ್ಟು ಸುಲಭವಾದರೆ ಯಾವುದೋ ಪುಂಡ ಕಾರ್ಯಕ್ರಮ ಸುಮ್ಮನೆ ರೀಸೆಟ್ ಮಾಡಿಬಿಟ್ಟರೆ? ಸಿಂಪ್ಯೂಟರಿನಲ್ಲಿ ಓಡುತ್ತಿದ್ದ ವ್ಯವಸ್ಥೆ ಲಿನಕ್ಸ್. ಅದರಲ್ಲಿ ಸಾಮಾನ್ಯ ಕಾರ್ಯಕ್ರಮಗಳು ಆ ಖಾನೆಯನ್ನು ಮುಟ್ಟುವಂತಿಲ್ಲ. ಅಧಿಕಾರವುಳ್ಳ ಕಾರ್ಯಕ್ರಮ ಲಿನಕ್ಸಿನ ಒಳಮನೆಯನ್ನು ಕೇಳಿಕೊಳ್ಳಬೇಕು. ಕೇಳುವಾಗ ಎರಡು ಗೊತ್ತಾದ ಸಂಖ್ಯೆಗಳನ್ನು ಒಪ್ಪಿಸಬೇಕು. ಬ್ಯಾಂಕಿನ ಲಾಕರಿಗೆ ಎರಡು ಕೀಲಿ ಇರುವಂತೆ. ಮೊದಲನೆಯ ಸಂಖ್ಯೆಯನ್ನು ಹದಿನಾರರ ಎಣಿಕೆಯಲ್ಲಿ ಬರೆದರೆ, ಸತ್ತಂತಾಗಿದೆ ಎಂಬ ಅರ್ಥದ ಇಂಗ್ಲಿಷ್ ಮಾತಿನಂತೆ ಕಾಣುತ್ತದೆ. ಎರಡನೆಯದು ಅದೇ ಎಣಿಕೆಯಲ್ಲಿ 28121969. ಲಿನಕ್ಸ್ ಶುರುಮಾಡಿದ ಲೀನಸ್ ಟೊರ್ವಾಲ್ಡ್ಸ್ ಹುಟ್ಟಿದ ದಿನ. ಆಕಸ್ಮಿಕವಾಗಿ ಈ ಎರಡೂ ಒಟ್ಟಿಗೆ ಬರುವ ಸಂಭವ ಇಲ್ಲವೆಂದೇ ಹೇಳಬೇಕು. ಇವನ್ನು ಒಪ್ಪಿಸುವ ಮೊದಲು, ಅರ್ಧ ಬರೆದ ಕಡತಗಳನ್ನೆಲ್ಲ ಪೂರ್ತಿ ಬರೆದು ಮುಗಿಸುವುದು ಕೇಳುವ ಕಾರ್ಯಕ್ರಮದ ಹೊಣೆ. ಪರದೆಯ ಮೇಲೆ ರೀಸ್ಟಾರ್ಟ್ ಆರಿಸಿದ ಮೇಲೆ ನಿಮ್ಮ ಗಣಕ ತುಸು ಹೊತ್ತು ಗುನುಗುತ್ತ ಕೂರುತ್ತದಲ್ಲ, ಆಗ ನಡೆಯುವುದರಲ್ಲಿ ಇದೂ ಒಂದು. ಬೇಸರಪಟ್ಟು ಸ್ವಿಚ್ಚಿಗೆ ಕೈ ಹಾಕಬೇಡಿ.

ಅಂಗೈ ಗಣಕದಲ್ಲಿ ಒಂದು ಖಾನೆಯಿಂದ ಮುಗಿದ ಕೆಲಸ ಮೇಜಿನ ಪಿಸಿಯಲ್ಲಿ ಇಂದಿಗೂ ಅಷ್ಟು ಸರಳವಾಗಿಲ್ಲ. 2000ದಲ್ಲಿ ಪಿಸಿಗಳಿಗೂ ಒಂದು ಅಧಿಕೃತ ರೀಸೆಟ್ ಖಾನೆಯ ನಿಯಮ ಬಂತು, ಆದರೆ ಎಲ್ಲ ತಯಾರಕರೂ ಅದನ್ನು ಸಮನಾಗಿ ಪಾಲಿಸಲಿಲ್ಲ. ಹೀಗಾಗಿ ಪಿಸಿಯಲ್ಲಿ ಓಡುವ ಲಿನಕ್ಸ್, ರೀಸೆಟ್ ಬೇಕಾದಾಗ ಬಾಗಿಲಿಂದ ಬಾಗಿಲಿಗೆ ಹೋಗಿ ತಟ್ಟುತ್ತದೆ. ಅಧಿಕೃತ ಖಾನೆಯಲ್ಲಿ ಬರೆದು ನೋಡುತ್ತದೆ. ಯಂತ್ರ ಇನ್ನೂ ಎಚ್ಚರವಿದ್ದರೆ, 1984ರ ಆ ಕೀಲಿಮಣೆಯ ಚಿಪ್ಪಿಗೆ ಹೇಳುವಂತೆಯೇ ಅಪ್ಪಣೆ ಕೊಡುತ್ತದೆ. ಆ ಚಿಪ್ಪು ಈಗ ಬೇರೆಯಾಗಿ ಇರುವುದಿಲ್ಲ, ದೊಡ್ಡ ಚಿಪ್ಪಿನೊಳಗೆ ಅದರ ಪಾತ್ರ ಮಾಡುವ ಒಂದು ಮೂಲೆ ಮಾತ್ರ ಉಂಟು. ಇನ್ನೂ ಒಂದೆರಡು ಬಾಗಿಲುಗಳಿವೆ. ಯಾವುದೂ ತೆರೆಯದಿದ್ದರೆ, ಕೊನೆಗೆ ಪ್ರೊಸೆಸರಿನ ಕೈಯಿಂದ ತಪ್ಪು ತಿದ್ದುವ ಪಟ್ಟಿಯನ್ನು ಕಿತ್ತುಕೊಂಡು, ಬೇಕೆಂದೇ ಎಡವಿಸಿ, ಮೂರನೆಯ ತಪ್ಪಿಗೆ ಕಾಯುತ್ತದೆ.